ದಾರಿ ನನ್ನಲ್ಲಿದೆ ಎಂದ ಪೆಟ್ಟಿಗೆ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ದಾರಿಯಕ್ಕ ಎನ್ನುತ್ತಿದ್ದರು. ನೆಟ್‌ವರ್ಕ್ ನೋಡಿಕೊಳ್ಳುವುದು ಅವಳ ಕೆಲಸ. ಪಕ್ಕದ ಮೇಜು ನನ್ನದು. ಕೇಳಿದವರಿಗೂ ಕೇಳದವರಿಗೂ ಒಂದೇ ಪಾಠ ಒಪ್ಪಿಸುವಳು: "ಕಂಪ್ಯೂಟರ್ ಆನ್ ಆದ ತಕ್ಷಣ, 'ಇಲ್ಲಿಂದ ಹೊರಗೆ ಹೋಗೋ ದಾರಿ ಯಾರಿಗೆ ಗೊತ್ತು?' ಅಂತ ಕೂಗುತ್ತೆ. ರೂಟರ್ 'ನಂಗೆ' ಅನ್ನುತ್ತೆ. ಯಾರೂ ಕೇಳದಿದ್ರೂ ಆಗಾಗ ತಾನೇ ಸಾರ್ತಾ ಇರುತ್ತೆ. ಕಂಪ್ಯೂಟರ್ ಅದನ್ನ ನಂಬಿಬಿಡುತ್ತೆ. ನೀನ್ಯಾರಪ್ಪಾ ಅಂತ ಕೇಳೋದೇ ಇಲ್ಲ." ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ಅಮ್ಮ ಹೋದಮೇಲೆ ತಂಗಿಯನ್ನು ಸಾಕಿದವಳು ಅವಳೇ. ಓದಿಸಿ, ನರ್ಸ್ ಮಾಡಿ, ಇದೇ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಸೇರಿಸಿದ್ದಳು. ತಂಗಿಯ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಒಂದು ಬೆಳಿಗ್ಗೆ ಆ ವಾರ್ಡಿನ ಕಂಪ್ಯೂಟರುಗಳಿಗೆ ರಕ್ತದ ರಿಪೋರ್ಟುಗಳೇ ಬರಲಿಲ್ಲ. ಲ್ಯಾಬಿನವರು ಕಳಿಸಿದ್ದೇವೆ ಎಂದರು, ವಾರ್ಡಿನವರು ಬಂದಿಲ್ಲ ಎಂದರು. ಈ ಹಗ್ಗಜಗ್ಗಾಟದಲ್ಲಿ ಒಂದು ಮಗುವಿಗೆ ರಕ್ತ ಕೊಡುವುದು ತಡವಾಗಿ, ಅದನ್ನು ಐಸಿಯುಗೆ ಒಯ್ಯಬೇಕಾಯಿತು. ಮಗು ಉಳಿಯಿತು, ಪುಣ್ಯ.

ದಾರಿಯಕ್ಕನೂ ನಾನೂ ಹುಡುಕುತ್ತಾ ಹೋದಾಗ ವಾರ್ಡಿನ ಬೀರುವಿನ ಹಿಂದೆ ಸಿಕ್ಕಿದ್ದು ಅವಳ ಮನೆಯದೇ ಹಳೇ ವೈಫೈ ಪೆಟ್ಟಿಗೆ; ಅದೂ ಒಂದು ರೂಟರೇ. ಗೋಡೆಯ ಕೇಬಲ್ಲನ್ನು ಅದರ ತಪ್ಪು ತೂತಿಗೆ ಚುಚ್ಚಿದ್ದರಿಂದ, ದಾರಿ ನನ್ನಲ್ಲಿದೆ ಎಂದು ಅದು ಇಡೀ ವಾರ್ಡಿಗೆ ಸಾರುತ್ತಾ ಕೂತಿತ್ತು. ಲ್ಯಾಬಿನ ದಾರಿಯೇ ಗೊತ್ತಿಲ್ಲದ ಅದನ್ನು ನಂಬಿ ಕಂಪ್ಯೂಟರುಗಳೆಲ್ಲ ಕೆಟ್ಟಿದ್ದವು.

ತಂಗಿ ಬಿಳಿಚಿಕೊಂಡಳು. "ಸೋಂಕು ಅಂತ ಅಮ್ಮಂದಿರನ್ನ ಒಳಗೆ ಬಿಡಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮಕ್ಕಳು ಅವರ ಮುಖನಾದ್ರೂ ನೋಡ್ಲಿ ಅಂತ ಹಾಕ್ದೆ ಅಕ್ಕಾ."

ಮೇಲಧಿಕಾರಿ ದಾರಿಯಕ್ಕನನ್ನೂ ನನ್ನನ್ನೂ ವಾರ್ಡಿನ ನರ್ಸುಗಳನ್ನೂ ಕರೆಸಿದರು. ಪೆಟ್ಟಿಗೆ ಮೇಜಿನ ಮೇಲಿತ್ತು.

"ಯಾರದು ಇದು?"

"ನಂದು ಸಾರ್," ಎಂದಳು ದಾರಿಯಕ್ಕ. ಹೇಳಿ ಸುಮ್ಮನೆ ನಿಂತಳು. ತಂಗಿ ನೆಲ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೇನು ಬಾಯಿ ತೆರೆಯಬೇಕು, ದಾರಿಯಕ್ಕ ಮೆಲ್ಲಗೆ ನನ್ನ ಕಾಲು ತುಳಿದಳು. ಸಂಜೆಯೊಳಗೆ ಅವಳ ಕೆಲಸ ಹೋಯಿತು.

ಅವಳು ಮೇಜು ಖಾಲಿ ಮಾಡುವಾಗ ನಾನು ಬೈದೆ. "ಅವಳ ತಪ್ಪನ್ನ ನೀನ್ಯಾಕೆ ತಲೆ ಮೇಲೆ ಹೊತ್ಕೊಂಡೆ? ದೊಡ್ಡ ತ್ಯಾಗಮಯಿ."

"ಹೊತ್ಕೋಬೇಕು ಅಂತೇನಿರಲಿಲ್ಲ ಕಣೇ," ಎಂದಳು, ನನ್ನ ಮುಖ ನೋಡದೆ. "ನಾನು 'ನಂದು' ಅಂದ ತಕ್ಷಣ ಅವಳು 'ಇಲ್ಲ ಸಾರ್, ನಂದು' ಅಂತಾಳೆ ಅಂದ್ಕೊಂಡಿದ್ದೆ."