ಕಾರಿನ ಹೊಟ್ಟೆಗೆ ಐದು ಗುಂಡಿ

ಈ ದರ್ಜಿಗೆ ಕಾರು ಓಡಿಸಲು ಬಾರದು. ಕಲಿಯಬೇಕೆಂಬ ಆಸೆಯೂ ಅವರಿಗೆ ಎಂದೂ ಹುಟ್ಟಿದ್ದಿಲ್ಲ. ಆದರೆ ಹನ್ನೊಂದು ವರ್ಷಗಳಿಂದ ಮನೆಯ ಕಾರಿನ ಆಯಿಲ್ ಬದಲಿಸುತ್ತ ಬಂದವರು ಅವರೇ. ಓಡಿಸುವವರು ಅವರ ಹೆಂಡತಿ. ಆಕೆಗೆ ಅದೇ ಕಸುಬು. ಕಲಿಯುವವರ ಪಕ್ಕದಲ್ಲಿ ಕುಳಿತು, ತಮ್ಮ ಕಾಲಡಿಯಲ್ಲಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, ದಿನಕ್ಕೆ ಆರೇಳು ಮಂದಿಗೆ ಡ್ರೈವಿಂಗ್ ಹೇಳಿಕೊಡುತ್ತಾರೆ.

"ಕಾರಿನ ಮೇಲ್ಭಾಗ ಅವಳದು, ಹೊಟ್ಟೆ ನನ್ನದು," ಎಂದು ದರ್ಜಿ ಮೊದಲ ಭೇಟಿಯಲ್ಲೇ ನನಗೆ ಪಾಲು ಹಂಚಿ ಹೇಳಿದರು.

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಇಸ್ತ್ರಿಯ ಮೇಜು, ಗೋಡೆಗೆ ಒರಗಿಸಿದ ದಪ್ಪ ಬಟ್ಟೆಯ ಸುರುಳಿಗಳು. ಶರ್ಟು, ಪ್ಯಾಂಟುಗಳ ಜೊತೆಗೆ ವೆಲ್ಡಿಂಗ್ ಕೆಲಸದವರಿಗೆ ಕಿಡಿ ತಾಗಿದರೂ ಸುಡದ ಏಪ್ರನ್ನುಗಳನ್ನು ಅವರು ಹೊಲಿಯುತ್ತಾರೆ. ಅಂಗಡಿಯ ಪಕ್ಕದಲ್ಲಿ ಒಂದು ಕಾರು ನಿಂತರೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳಬಹುದಾದಷ್ಟು ಜಾಗವಿದೆ. ಆಯಿಲ್ ಬದಲಾವಣೆ ನಡೆಯುವುದು ಅಲ್ಲಿ.

ಆಯಿಲ್ ಅವರಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆ ಕೊಡುತ್ತಿದ್ದುದು ಇಂಜಿನ್ನಿನ ಅಡಿಗೆ ಬಿಗಿದಿದ್ದ ಕಪ್ಪು ಪ್ಲಾಸ್ಟಿಕ್ ಕವರು. ರಸ್ತೆಯ ಕೆಸರು, ಕಲ್ಲು ಇಂಜಿನ್ನಿಗೆ ಸಿಡಿಯದಂತೆ ತಡೆಯುವ ಆ ಕವರಿಗೆ ಹನ್ನೊಂದು ಬೋಲ್ಟು, ನಾಲ್ಕು ಕ್ಲಿಪ್ಪು. ಹಳೆಯ ಆಯಿಲ್ ಇಳಿಸಿ ಹೊಸದನ್ನು ಸುರಿಯಲು ಇಪ್ಪತ್ತು ನಿಮಿಷ ಸಾಕು; ಕವರು ಬಿಚ್ಚಿ ಹಾಕಲು ಎರಡು ಗಂಟೆ. ಪ್ರತಿ ಸಲವೂ ಒಂದಾದರೂ ಕ್ಲಿಪ್ಪು ಮುರಿಯುತ್ತಿತ್ತು. ಹಿಂದಿನ ಸಲ ಚೆಲ್ಲಿದ ಆಯಿಲ್ ಕವರಿನ ತಗ್ಗಿನಲ್ಲಿ ತಿಂಗಳುಗಟ್ಟಲೆ ಕಾದು ಕುಳಿತಿದ್ದು, ಅದನ್ನು ಇಳಿಸಿದ ಗಳಿಗೆಯಲ್ಲಿ ದರ್ಜಿಯ ತೋಳಿನೊಳಗೆ ಹರಿದು ಕಂಕುಳ ಸೇರುತ್ತಿತ್ತು.

ಹೆಂಡತಿಯ ತಮ್ಮನಿಗೆ ಗ್ಯಾರೇಜಿದೆ. ಆತ ಒಮ್ಮೆ ಬಂದಾಗ ಕಾರಿನಡಿಯಿಂದ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಮುಂದಿನ ಸಂಭಾಷಣೆ ಆ ಕಾಲುಗಳೊಂದಿಗೆ ನಡೆಯಿತು.

"ಭಾವ, ಆ ಕವರ್ ಕಿತ್ತು ಬಿಸಾಕಿ ಅಂತ ಎಷ್ಟು ಸಲ ಹೇಳಲಿ? ನನ್ನ ಹತ್ರ ಬರೋ ಅರ್ಧ ಕಾರುಗಳಿಗೆ ಅದು ಇಲ್ಲವೇ ಇಲ್ಲ."

"ಕಾಣಲ್ಲ ಅಂತ ಕೋಟಿನ ಒಳಗಿನ ಅಸ್ತರು ಕಿತ್ತು ಬಿಸಾಕ್ತಾರೇನಪ್ಪ?"

"ಹಾಗಾದ್ರೆ ಗುಂಡಿ ಇಟ್ಟು ಹೊಲೀರಿ. ಬೇಕಾದಾಗ ಬಿಚ್ಚಬಹುದು."

ಭಾವಮೈದುನ ನಗುತ್ತ ಹೊರಟುಹೋದ. ಕಾಲುಗಳು ಬಹಳ ಹೊತ್ತು ಅಲ್ಲಾಡಲಿಲ್ಲ.

ಮರುದಿನ ದರ್ಜಿ ಸೀಮೆಸುಣ್ಣ, ಅಳತೆಯ ಟೇಪು ಹಿಡಿದು ಮತ್ತೆ ಕಾರಿನಡಿ ಸೇರಿದರು. ಆಯಿಲ್ ಇಳಿಸುವ ಬೋಲ್ಟಿನ ನೇರಕ್ಕೆ ಕವರಿನಲ್ಲಿ ಒಂದು ಗೇಣು ಅಗಲದ ಕಿಟಕಿ ಕತ್ತರಿಸಿದರು. ಅಂಚಿನುದ್ದಕ್ಕೂ ದಬ್ಬಳದಿಂದ ತೂತು ಕೊರೆದು, ಏಪ್ರನ್ನಿನ ಬಟ್ಟೆಯ ಮುಚ್ಚಳವೊಂದನ್ನು ಮೇಣ ಸವರಿದ ದಾರದಿಂದ ಹೊಲಿದರು. ಒಂದು ಅಂಚಿಗೆ ಭದ್ರ ಹೊಲಿಗೆ, ಎದುರಿನ ಅಂಚಿಗೆ ಐದು ಹಿತ್ತಾಳೆ ಗುಂಡಿ, ಐದು ಕಾಜಾ. ಕಾಜಾಗಳನ್ನು ಕೈಯಲ್ಲೇ ಕಟ್ಟಿದ್ದರೆಂಬುದನ್ನು ನಾನು ಕೇಳದೆಯೇ ಎರಡು ಸಲ ಹೇಳಿದರು.

ಹೊಲಿಯುವ ಮುನ್ನ ಅವರಿಗೊಂದು ಸಂದೇಹ ಬಂದಿತ್ತು. ಗಂಡಸರ ಉಡುಪಿನಲ್ಲಿ ಗುಂಡಿಗಳು ಒಂದು ಕಡೆ, ಹೆಂಗಸರ ಉಡುಪಿನಲ್ಲಿ ಇನ್ನೊಂದು ಕಡೆ. ಮೂವತ್ತು ವರ್ಷಗಳಲ್ಲಿ ಅವರು ಈ ನಿಯಮವನ್ನು ಒಮ್ಮೆಯೂ ತಪ್ಪಿದವರಲ್ಲ. ಕಾರು ಯಾವ ಕಡೆಗೆ ಸೇರಿದ್ದು? ಮಲಗಿದಲ್ಲೇ ಅರ್ಧ ಗಂಟೆ ಯೋಚಿಸಿ, ಕಾರು ಹೆಂಡತಿಯ ಹೆಸರಿನಲ್ಲಿರುವುದರಿಂದ ಹೆಂಗಸರ ಕಡೆಯೇ ಸರಿ ಎಂದು ತೀರ್ಮಾನಿಸಿದರು. ಪಕ್ಕದಿಂದ ನುಸುಳಿ ಕಾರಿಗೆ ಅಡ್ಡಲಾಗಿ ಮಲಗಿದ್ದರಿಂದ, ಇದರ ಫಲವಾಗಿ ಹೊಲಿದ ಅಂಚು ಕಾರಿನ ಹಿಂಬದಿಗೂ ಗುಂಡಿಗಳ ಅಂಚು ಮುಂಬದಿಗೂ ಬಂದಿತು. ಮುಂದಿನಿಂದ ಗಾಳಿ ಬೀಸುತ್ತದೆ ಎಂಬುದು ಕಾರಿನಲ್ಲಿ ಕುಳಿತವರಿಗೆ ಹೊಳೆಯುವ ಸಂಗತಿ. ಇವರು ಕಾರನ್ನು ನಿಂತಲ್ಲಿ ಮಾತ್ರ ಬಲ್ಲವರು.

ಆ ಸಲದ ಆಯಿಲ್ ಬದಲಾವಣೆ, ಬೆಳಿಗ್ಗೆ ಕಾರು ಪಾಠಕ್ಕೆ ಹೊರಡುವ ಮೊದಲೇ, ಇಪ್ಪತ್ತೈದು ನಿಮಿಷಗಳಲ್ಲಿ ಮುಗಿಯಿತು. ಸಂಜೆ ಪಾಠ ಮುಗಿಸಿ ಬಂದ ಹೆಂಡತಿ ಗಂಡನ ತೋಳುಗಳನ್ನು ನೋಡಿದರು.

"ರೀ, ಇವತ್ತು ಆಯಿಲ್ ಹಾಕಲಿಲ್ವಾ?"

"ಹಾಕಿದೆ."

"ಮತ್ತೆ ಮೈಮೇಲೆ ಕಾಣ್ತಾ ಇಲ್ಲ."

"ಇಂಜಿನ್ನಿಗೆ ಹಾಕಿದೆ ಕಣೆ."

ಗುಟ್ಟು ಅಲ್ಲಿಗೆ ನಿಂತಿತು. ಕಲಿಯುವವರು ನಲವತ್ತರ ವೇಗ ದಾಟುವುದಿಲ್ಲ. ಆ ವೇಗದಲ್ಲಿ ಮುಚ್ಚಳವೂ ಬಾಯಿಬಿಡುತ್ತಿರಲಿಲ್ಲ.

ಮೂರು ವಾರಗಳ ನಂತರ ವಾಹನದ ವಾರ್ಷಿಕ ತಪಾಸಣೆ ಬಂತು. ಹಳೆಯ ಪ್ರಮಾಣಪತ್ರದ ಅವಧಿ ಅಂದೇ ಮುಗಿಯುವುದಿತ್ತು. ಹೊಸದು ಸಿಗದಿದ್ದರೆ ಮರುದಿನದಿಂದ ಆಕೆ ಪಾಠ ಮಾಡುವಂತಿಲ್ಲ. ಅಲ್ಲದೆ ಮರುದಿನ ಬೆಳಿಗ್ಗೆ ಆಕೆಯ ಮೂವರು ಶಿಷ್ಯರು ಇದೇ ಕಾರಿನಲ್ಲಿ ಲೈಸೆನ್ಸಿನ ಪರೀಕ್ಷೆಗೆ ಕೂರಬೇಕಿತ್ತು. ದರ್ಜಿ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ತಮ್ಮ ಕೆಲಸದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಕುಳಿತರು.

"ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಂದವರಲ್ಲ," ಎಂದರು ಹೆಂಡತಿ ನನ್ನೊಡನೆ. "ಏನೋ ಎಡವಟ್ಟು ಮಾಡಿದಾರೆ ಅಂತ ಆಗಲೇ ಅಂದ್ಕೊಂಡೆ."

ತಪಾಸಣಾ ಕೇಂದ್ರದಲ್ಲಿ ಕಾರನ್ನು ನೆಲದಲ್ಲಿ ತೋಡಿದ ಒಂದು ಉದ್ದನೆಯ ಹಳ್ಳದ ಮೇಲೆ ನಿಲ್ಲಿಸುತ್ತಾರೆ. ಅಧಿಕಾರಿ ಮೆಟ್ಟಿಲಿಳಿದು ಕೆಳಗಿನಿಂದ ದೀಪ ಹಿಡಿದು ನೋಡುತ್ತಾರೆ.

"ಇದಕ್ಕೆ ಪ್ಯಾಂಟು ತೊಡಿಸಿದವರು ಯಾರ್ರೀ?"

ಹೆಂಡತಿ ಗಂಡನ ಕಡೆ ತಿರುಗಿದರು. ಗಂಡ ಗೋಡೆಯ ಮೇಲಿನ ಸೂಚನಾಪತ್ರವನ್ನು ಓದತೊಡಗಿದರು.

ಅಧಿಕಾರಿ ಸಿಡುಕಿನ ಮನುಷ್ಯರಲ್ಲ, ನಿಯಮದ ಮನುಷ್ಯರು. ಮೇಲೆ ಬಂದು ಗುಮಾಸ್ತರಿಂದ ನಿಯಮಪುಸ್ತಕ ತೆಗೆಸಿದರು. ಅಡಿಯ ಹೊದಿಕೆಯನ್ನು "ಬಿಚ್ಚಿ ಮರಳಿ ಜೋಡಿಸಬಹುದಾದ ಬಂಧಕಗಳಿಂದ" ಭದ್ರಪಡಿಸಿರಬೇಕು ಎಂದು ಅದರಲ್ಲಿತ್ತು.

"ಗುಂಡಿ ಬಂಧಕ ಆಗುತ್ತಾ?" ಎಂದು ಅಧಿಕಾರಿ ಕೇಳಿದರು.

ಗುಮಾಸ್ತರು ತಮ್ಮ ಶರ್ಟಿನ ಗುಂಡಿಯೊಂದನ್ನು ಬಿಚ್ಚಿ, ಮತ್ತೆ ಹಾಕಿ ನೋಡಿದರು. "ಬಿಚ್ಚುತ್ತೆ ಸರ್. ಜೋಡಿಸೋಕೂ ಬರುತ್ತೆ."

"ಬೆಂಕಿ?"

ದರ್ಜಿ ಚೀಲದಿಂದ ಅದೇ ಬಟ್ಟೆಯ ತುಂಡೊಂದನ್ನು ತೆಗೆದುಕೊಟ್ಟರು. ಗುಮಾಸ್ತರು ಅದರ ಕೆಳಗೆ ಬೆಂಕಿಕಡ್ಡಿಯೊಂದನ್ನು ಪೂರ್ತಿ ಉರಿಸಿದರು. ಬಟ್ಟೆಗೆ ಏನೂ ಆಗಲಿಲ್ಲ. ಗುಮಾಸ್ತರ ಬೆರಳು ಸುಟ್ಟಿತು.

ಉಳಿದದ್ದು ರಸ್ತೆಯ ಮೇಲಿನ ಓಟ. ಹೆಂಡತಿ ಓಡಿಸಿದರು, ಅಧಿಕಾರಿ ಪಕ್ಕದಲ್ಲಿ ಕುಳಿತರು. ಹತ್ತು ನಿಮಿಷಗಳಲ್ಲಿ ಇಬ್ಬರೂ ಹಿಂತಿರುಗಿದರು.

"ಅರವತ್ತು ದಾಟಿದ ಕೂಡಲೇ ಕೆಳಗೆ ಯಾರೋ ಚಪ್ಪಾಳೆ ತಟ್ತಾರೆ," ಎಂದರು ಅಧಿಕಾರಿ. "ನನ್ನ ಹತ್ರ ಮೂರೇ ಕಾಲಂ ಇರೋದು. ಇದೆ, ಇಲ್ಲ, ಸಡಿಲ. ಸಡಿಲ ಅಂತ ಬರೆದ್ರೆ ಫೇಲು."

ದರ್ಜಿ ಕಾರಿನ ಮೂತಿಯಿಂದ ಹಿಂಬದಿಯವರೆಗೆ ಒಮ್ಮೆ ದೃಷ್ಟಿ ಹಾಯಿಸಿದರು. ಗಾಳಿ ಯಾವ ದಿಕ್ಕಿನಿಂದ ಬರುತ್ತದೆಂದು ಆಗ ಅವರಿಗೆ ತಿಳಿಯಿತು.

"ತಪ್ಪು ನನ್ನದು ಸರ್. ಹೆಂಗಸರ ಕಡೆ ಇಟ್ಟುಬಿಟ್ಟೆ."

"ಏನನ್ನ?"

"ಗುಂಡೀನ. ಗಾಡಿ ಇವಳದು, ಅದಕ್ಕೆ. ಗಂಡಸರ ಕಡೆ ಇಟ್ಟಿದ್ರೆ ಗಾಳಿಯೇ ಅದನ್ನ ಒತ್ತಿ ಮುಚ್ಕೊಂಡು ಹೋಗ್ತಿತ್ತು."

ಅಧಿಕಾರಿ ಹೆಂಡತಿಯನ್ನು ನೋಡಿದರು.

"ಮದುವೆಯಾಗಿ ಹತ್ತೊಂಬತ್ತು ವರ್ಷ," ಎಂದರು ಆಕೆ. "ಮನೇಲಿ ಒಂದಾದರೂ ವಸ್ತು ನಂದು ಅಂತ ಇವರು ಒಪ್ಕೊಂಡಿದ್ದು ಇದೇ ಮೊದಲು. ಅದೂ ಇಲ್ಲಿ, ಇವತ್ತು."

ಕೇಂದ್ರ ಮುಚ್ಚುವುದು ಒಂದು ಗಂಟೆಗೆ. ಆಗ ಹನ್ನೆರಡಾಗಿ ಐದು ನಿಮಿಷ. ದರ್ಜಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದರು. ಹೊಲಿಗೆ ಬಿಚ್ಚಿ, ಮುಚ್ಚಳ ತಿರುಗಿಸಿ, ಮುಂದಿನ ಅಂಚಿಗೆ ಹೊಲಿದು, ಗುಂಡಿಗಳನ್ನು ಹಿಂದಿನ ಅಂಚಿಗೆ ಸಾಗಿಸುವ ಕೆಲಸ. ಅಷ್ಟನ್ನೂ ಕೈ ಮೇಲೆತ್ತಿಕೊಂಡೇ ಮಾಡಬೇಕು. ಅಧಿಕಾರಿ ದೀಪ ಹಿಡಿದರು. ಗುಮಾಸ್ತರು ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಗುಂಡಿಗಳನ್ನು ಒಂದೊಂದಾಗಿ ಎತ್ತಿಕೊಟ್ಟರು. ಮೇಲಿನಿಂದ ಹೆಂಡತಿ ಪ್ರತಿ ಐದು ನಿಮಿಷಕ್ಕೊಮ್ಮೆ ಸಮಯ ಕೂಗಿ ಹೇಳುತ್ತಿದ್ದರು.

"ಮೂರೇ ಗುಂಡಿ ಸಾಲಲ್ವಾ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದರು.

"ನಿಮ್ಮ ಪ್ಯಾಂಟಿಗೆ ಹಾಗೆ ಮಾಡಿಕೊಟ್ರೆ ಒಪ್ತೀರಾ ಸರ್?"

ಅಧಿಕಾರಿ ದೀಪವನ್ನು ಇನ್ನಷ್ಟು ಹತ್ತಿರ ಹಿಡಿದರು.

ಹನ್ನೆರಡು ಐವತ್ತಕ್ಕೆ ದರ್ಜಿ ದಾರ ಕಡಿದರು. ಅಧಿಕಾರಿ ಮೇಲೇರಿದರು, ಕಾರು ಹೊರಟಿತು. ದರ್ಜಿಗೆ ಮೆಟ್ಟಿಲು ಹತ್ತುವಷ್ಟು ತ್ರಾಣ ಉಳಿದಿರಲಿಲ್ಲ. ಅಲ್ಲೇ ಕೊನೆಯ ಮೆಟ್ಟಿಲ ಮೇಲೆ ಕುಳಿತು, ಫೇಲಾದರೆ ಕಾರು ಮತ್ತೆ ತಲೆಯ ಮೇಲೆ ಬಂದು ನಿಲ್ಲುತ್ತದೆಂದು ಕಾಯತೊಡಗಿದರು. ಆ ಮೂವರು ಶಿಷ್ಯರ ಮುಖ ಅವರು ನೋಡಿದವರಲ್ಲ. ಆದರೂ ಒಬ್ಬೊಬ್ಬರಿಗೂ ಏನೆಂದು ಹೇಳುವುದು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದರು. ಒಂದು ಗಂಟೆ ದಾಟಿತು. ಕಾರು ಬರಲಿಲ್ಲ. ಹೊರಗೆ ಬಾಗಿಲೊಂದನ್ನು ಎಳೆದು ಮುಚ್ಚುವ ಸದ್ದಾಯಿತು. ಅಧಿಕಾರಿ ಬಾಗಿ ಕೆಳಗೆ ನೋಡಿದರು.

"ಅಯ್ಯೋ, ನೀವಿನ್ನೂ ಇಲ್ಲೇ ಇದೀರಾ? ನಿಮ್ಮ ಮನೆಯವರು ಆಗಲೇ ಹೋದ್ರಲ್ಲ."

"ಎಲ್ಲಿಗೆ?"

"ಒಂದೂವರೆಗೆ ಯಾರಿಗೋ ಪಾಠ ಇದೆಯಂತೆ. ಪ್ರಮಾಣಪತ್ರದ ಶಾಯಿ ಆರೋದನ್ನೂ ಕಾಯಲಿಲ್ಲ."

"ಪಾಠಕ್ಕೇ ಹೋದಳಾ?"

"ಪಾಠಕ್ಕೇ. ಮೇಲೆ ಬನ್ನಿ, ಬೀಗ ಹಾಕಬೇಕು."

ದರ್ಜಿ ಎದ್ದು, ನೆಲದ ಮೇಲೆ ಚೆಲ್ಲಿದ್ದ ದಾರದ ತುಂಡುಗಳನ್ನು ಆರಿಸಿ ಜೇಬಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿದರು. ಮನೆಗೆ ಒಂದು ಗಂಟೆಯ ನಡಿಗೆ. ದಾರಿಯಲ್ಲಿ ಅವರದೇ ಕಾರು ನಲವತ್ತಕ್ಕಿಂತ ಕಡಿಮೆ ವೇಗದಲ್ಲಿ ಎದುರಿಗೆ ಬಂದು, ನಿಲ್ಲದೆ ಹಾದುಹೋಯಿತಂತೆ. ಕಲಿಯುವ ಹುಡುಗಿ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದಳು. ಹೆಂಡತಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಪಾಠದ ಮಧ್ಯೆ ನಾನು ಯಾರನ್ನೂ ಹತ್ತಿಸಿಕೊಳ್ಳಲ್ಲ," ಎಂದು ಆಕೆ ನನಗೆ ಸ್ಪಷ್ಟಪಡಿಸಿದರು.