ನಮ್ಮ ಗೋಡೆಗೆ ಬಂದ ಪ್ರಶಸ್ತಿ

ನಮ್ಮ ನಡುಮನೆಯ ಗೋಡೆಗೆ ಸಿನಿಮಾ ಪ್ರಶಸ್ತಿ ಬಂದಿದೆ ಎಂದರೆ ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಹಟ ನನಗೂ ಇಲ್ಲ. ಪ್ರಶಸ್ತಿ ಪತ್ರದಲ್ಲಿ ಗೋಡೆಯ ಹೆಸರಿಲ್ಲ, ನನ್ನ ಹೆಸರಂತೂ ಇಲ್ಲವೇ ಇಲ್ಲ. ಆದರೂ ಆ ಗೋಡೆಯನ್ನು ಆ ಮಟ್ಟಕ್ಕೆ ತಂದು ನಿಲ್ಲಿಸಿದವನು ನಾನು. ವರ್ಷಗಟ್ಟಲೆ ಏನನ್ನೂ ಮಾಡದೆ ಸುಮ್ಮನೆ ಕೂರುವುದು ಎಲ್ಲರ ಕೈಯಿಂದ ಆಗುವ ಕೆಲಸವಲ್ಲ.

ನಾವಿರುವುದು ಸುರಪುರದ ಹತ್ತಿರದ ದೇವಾಪುರದಲ್ಲಿ. ನಾನು ಸುರಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ನನ್ನ ಹೆಂಡತಿ ಶರಣಮ್ಮ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮನೆ ಕೊಂಡಾಗ ಗೋಡೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಕಾಲುವೆ ಬಂತು. ಕಾಲುವೆಯ ಹಿಂದೆ ಊರಿಗೆ ಭತ್ತ ಬಂತು, ಟ್ರ್ಯಾಕ್ಟರ್ ಬಂತು, ಸೊಳ್ಳೆ ಬಂತು. ನಮ್ಮ ಮನೆಗೆ ಬಿರುಕು ಬಂತು. ನಮ್ಮ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಕಾಲುವೆ ಬಂದ್ ಆದರೆ ಕುಗ್ಗುತ್ತದೆ. ಅದರ ಮೇಲೆ ಕೂತ ಮನೆ ಅದರ ಜೊತೆಗೇ ಉಸಿರಾಡಬೇಕು. ನಮ್ಮದು ಕಲ್ಲು ಮಣ್ಣಿನ ಹಳೆಯ ಮನೆ, ಉಸಿರಾಡಿ ಅಭ್ಯಾಸವಿರಲಿಲ್ಲ. ಗೋಡೆಯಲ್ಲಿ ಮೊದಲು ಕೂದಲೆಳೆಯಷ್ಟು ಬಿರುಕು ಕಾಣಿಸಿತು. ನಂತರ ನನ್ನ ಕನ್ನಡಕದ ಕಾಲು ಹಿಡಿಯುವಷ್ಟಾಯಿತು. ಕೊನೆಗೆ ಒಂದು ಹಲ್ಲಿ ತನ್ನ ಸಂಸಾರ ಸಮೇತ ಅಲ್ಲಿ ವಾಸಕ್ಕೆ ಬಂತು.

ಪ್ರತಿ ಐತಾರ ಬೆಳಿಗ್ಗೆ ಶರಣಮ್ಮ ಗೋಡೆ ಕಟ್ಟುವ ಗೌಂಡಿ ಖಾಜಾಸಾಬನನ್ನು ಕರೆಯಿರಿ ಎನ್ನುತ್ತಿದ್ದಳು. ನಾನು ಅವಳಿಗೆ ದುರಸ್ತಿ ಎಂಬ ಪದದ ಕುಲಗೋತ್ರ ಹೇಳುತ್ತಿದ್ದೆ. ನಿಜಾಮರ ಕಚೇರಿಯ ಭಾಷೆಯಿಂದ ನಮಗೆ ರಿಪೇರಿಗೆ ಎರಡು ಪದ ಬಂದಿವೆ. ಒಂದು ದುರಸ್ತಿ, ಇನ್ನೊಂದು ಮರಮ್ಮತ್ತು. ಎರಡನೆಯದಕ್ಕೆ ಹಿಡಿದು ಬಡಿಯುವುದು ಎಂಬ ಅರ್ಥವೂ ಉಂಟು. ಎರಡೂ ಕೆಲಸಕ್ಕೆ ಒಂದೇ ಪದ ಸಾಕೆಂದು ತೀರ್ಮಾನಿಸಿದವನು ಖಂಡಿತ ಮದುವೆಯಾದವನೇ ಇರಬೇಕು. ಈ ಪಾಂಡಿತ್ಯವನ್ನು ಕೇಳಿದ ಮೇಲೂ ಅವಳು ಗೌಂಡಿಯ ಹೆಸರು ಬಿಡದಿದ್ದರೆ ನಾನು ಪಿಕ್ನಿಕ್ಕಿನ ಮಾತು ತೆಗೆಯುತ್ತಿದ್ದೆ.

ಹೀಗಾಗಿ ನಾವು ಈ ಸೀಮೆಯ ನಿಸರ್ಗವನ್ನೆಲ್ಲ ನೋಡಿ ಮುಗಿಸಿದೆವು. ಆಣೆಕಟ್ಟಿನ ಗೇಟು ತೆಗೆದಾರೆಂದು ಸುದ್ದಿ ಬಂದರೆ ನಾರಾಯಣಪುರಕ್ಕೆ ಹೋಗಿ ಕೃಷ್ಣೆಯ ನೊರೆ ನೋಡಿ ಬರುತ್ತಿದ್ದೆವು. ಮಳೆ ಬಿದ್ದು ಗುಡ್ಡ ಹಸಿರಾದರೆ ಸುರಪುರದ ಗುಡ್ಡ. ಚಳಿಗಾಲಕ್ಕೆ ಶಹಾಪುರ, ಅಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ. ಆ ಬೆಟ್ಟದ ಎದುರು ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕುತ್ತಾ ಶರಣಮ್ಮ ಒಮ್ಮೆ, "ಇವರು ಲೋಕದ ಚಿಂತಿ ಎಲ್ಲಾ ಮುಗಿಸಿ ಮಲಗ್ಯಾರ. ನೀವು ಸುರು ಮಾಡೂಕಿಂತ ಮೊದಲೇ ಮಲಗೀರಿ" ಎಂದಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.

ಕೊನೆಗೆ ಅವಳು ನನ್ನನ್ನು ಕೇಳುವುದನ್ನೇ ಬಿಟ್ಟಳು. ಅದು ಅಪಾಯದ ಲಕ್ಷಣವೆಂದು ನನಗೆ ಗೊತ್ತಾಗಬೇಕಿತ್ತು. ಒಂದು ದಿನ ಶಾಲೆಯಿಂದ ಬಂದರೆ ಅಂಗಳದಲ್ಲಿ ಉಸುಕಿನ ಗುಡ್ಡೆ ಬಿದ್ದಿತ್ತು, ಖಾಜಾಸಾಬ ಅದರ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಸೋಮವಾರದಿಂದ ಕೆಲಸವಂತೆ. ನನಗೆ ಉಳಿದಿದ್ದು ಒಂದೇ ಐತಾರ. ನೊಂದ ಮನಸ್ಸಿನಿಂದ ಹೆಂಡತಿಯನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದೆ.

ಅಲ್ಲಿ ಜೀಪೊಂದು ನಿಂತಿತ್ತು. ಬೆಂಗಳೂರಿನಿಂದ ಬಂದ ಸಿನಿಮಾದವರು. ಅಣ್ಣತಮ್ಮಂದಿರು ಬೇರೆಯಾಗುವ ಕಥೆಯಂತೆ, ಒಡೆದ ಮನೆಯೊಂದು ಬೇಕಾಗಿತ್ತು. ಸುತ್ತಲಿನ ಊರುಗಳನ್ನೆಲ್ಲ ತಿರುಗಿದರೂ ಮನಸ್ಸಿಗೆ ಒಪ್ಪುವಂಥ ಹಾಳು ಎಲ್ಲಿಯೂ ಸಿಕ್ಕಿರಲಿಲ್ಲವೆಂದು ಅವರ ಮ್ಯಾನೇಜರು ಹೇಳಿದ. ಕೆಲವರ ಬಾಳಿನಲ್ಲಿ ಅವಕಾಶ ಒಂದೇ ಸಲ ಬರುತ್ತದೆ. ನಾನು ಅವರನ್ನು ಚಹಾಕ್ಕೆ ಕರೆದೆ.

ಅವರ ಕಲಾ ನಿರ್ದೇಶಕ ಚೇತನ್ ಎಂಬ ಯುವಕ. ಕೂದಲನ್ನು ಎತ್ತಿ ಗಂಟು ಹಾಕಿಕೊಂಡಿದ್ದ. ನಮ್ಮ ನಡುಮನೆಗೆ ಕಾಲಿಟ್ಟವನು ಬಿರುಕಿನ ಮುಂದೆ ಗರ್ಭಗುಡಿಯ ಮುಂದೆ ನಿಂತಂತೆ ನಿಂತುಬಿಟ್ಟ. ಮಸಿ, ಎಣ್ಣೆ ಕಲೆ, ಉದುರಿದ ಸುಣ್ಣ, ಎಲ್ಲವನ್ನೂ ಸವರಿ ನೋಡಿ, "ಸರ್, ದಯವಿಟ್ಟು ಇದನ್ನ ಯಾರೂ ಮುಟ್ಟಬೇಡಿ" ಎಂದ. ಅಷ್ಟು ವರ್ಷಗಳಲ್ಲಿ ನನ್ನ ನಿಲುವನ್ನು ಮೊದಲ ಬಾರಿಗೆ ಅರ್ಥ ಮಾಡಿಕೊಂಡ ಮನುಷ್ಯ ಅವನು.

ಶರಣಮ್ಮ ಮಾತ್ರ ವ್ಯವಹಾರಸ್ಥೆ. ಬಾಡಿಗೆ ಬೇಡ, ಶೂಟಿಂಗು ಮುಗಿದ ಮೇಲೆ ಈ ಗೋಡೆಯನ್ನು ನೀವೇ ಖಾಜಾಸಾಬನ ಕೈಯಿಂದ ಗಟ್ಟಿ ಮಾಡಿಸಿಕೊಟ್ಟು ಹೋಗಬೇಕು ಎಂದಳು. ಮ್ಯಾನೇಜರು ಒಪ್ಪಿದ. ಎರಡು ದಿನ ಬಿಟ್ಟು ಬರುತ್ತೇವೆಂದು ಹೇಳಿ ಎಲ್ಲರೂ ಶಹಾಪುರದ ಲಾಡ್ಜಿಗೆ ಹೋದರು.

ಇಲ್ಲಿ ನನ್ನ ಹೆಂಡತಿಯ ಒಂದು ಸಂಗತಿ ಹೇಳಬೇಕು. ಅವಳಿಗೆ ಸಿನಿಮಾ ನೋಡುವ ತಾಳ್ಮೆ ಇಲ್ಲ, ಟಿ.ವಿ.ಯಲ್ಲಿ ಸಿನಿಮಾ ಪ್ರಶಸ್ತಿ ಸಮಾರಂಭ ಬಂದರೆ ಮಾತ್ರ ಒಲೆ ಆರಿಸಿ ಬಂದು ಕೂರುತ್ತಾಳೆ. ಮಕ್ಕಳು ವರ್ಷವಿಡೀ ಏನು ಬರೆದರೆಂಬುದಕ್ಕಿಂತ ಪಾಸಾದವರು ಯಾರು ಎಂಬುದೇ ಮುಖ್ಯವೆನ್ನುವ ಟೀಚರ ಬುದ್ಧಿ. ನನಗೆ ಪ್ರಶಸ್ತಿಗಳಲ್ಲಿ ಅಷ್ಟು ಭಕ್ತಿಯಿಲ್ಲ. ಹಿಂದೆ ನಮ್ಮ ಸುರಪುರದ ಅರಸರು ಮೆಚ್ಚಿದವರಿಗೆ ಕೆಲವೊಮ್ಮೆ ಬಿರುದು ಕೊಡುತ್ತಿದ್ದರು, ಕೆಲವೊಮ್ಮೆ ಹೊಲ ಕೊಡುತ್ತಿದ್ದರು. ಬಿರುದು ಪಡೆದವರ ವಂಶದವರು ಯಾರೆಂದು ಇಂದು ಯಾರಿಗೂ ಗೊತ್ತಿಲ್ಲ. ಹೊಲ ಪಡೆದವರ ವಂಶದವರು ಕಾಲುವೆಯ ನೀರಲ್ಲಿ ಎರಡು ಬೆಳೆ ತೆಗೆಯುತ್ತಿದ್ದಾರೆ. ಇರಲಿ. ಆ ಸಮಾರಂಭಗಳಲ್ಲಿ ಸಿನಿಮಾದ ಒಂದೆರಡು ತುಣುಕು ತೋರಿಸುತ್ತಾರಲ್ಲ, ಅಂಥ ತುಣುಕಿನಲ್ಲಿ ತನ್ನ ಮನೆಯ ಮಸಿ ಇಡೀ ರಾಜ್ಯಕ್ಕೆ ಕಂಡರೆ ಹೇಗೆ ಎಂಬ ಚಿಂತೆ ಅವಳನ್ನು ಹಿಡಿಯಿತು.

ಎರಡು ದಿನ ಬಿಟ್ಟು ಸಿನಿಮಾದವರು ಬಂದಾಗ ನಮ್ಮ ಗೋಡೆ ಹಾಲಿನಂತೆ ಹೊಳೆಯುತ್ತಿತ್ತು. ನಾನು ಶಾಲೆಗೆ ಹೋದ ಹೊತ್ತಿನಲ್ಲಿ ತನ್ನ ಶಾಲೆಗೆ ರಜೆ ಹಾಕಿದ ಅವಳೂ ಖಾಜಾಸಾಬನೂ ಸೇರಿ ಎರಡು ಕೈ ಸುಣ್ಣ ಹೊಡೆದಿದ್ದರು. ಬಿರುಕನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಬಿಳಿಯ ಗೋಡೆಯ ಮೇಲೆ ಅದು ಭೂಗೋಳದ ನಕ್ಷೆಯಲ್ಲಿ ಬಿಡಿಸಿದ ನದಿಯಂತೆ ಕಾಣುತ್ತಿತ್ತು. ಚೇತನ್ ಒಳಗೆ ಬಂದವನು ನೋಡಿದ, ಹೊರಗೆ ಹೋದ, ಕಟ್ಟೆಯ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತುಕೊಂಡ. ಶರಣಮ್ಮನಿಗೆ ತನ್ನ ತಪ್ಪೇ ತಿಳಿಯಲಿಲ್ಲ.

"ಬಿರುಕು ಬೇಕಂದ್ರಿ, ಬಿಟ್ಟೀನಿ. ಮಸಿ ಬೇಕಂತ ಯಾರು ಹೇಳಿದ್ರಿ?"

ಮ್ಯಾನೇಜರು ಜೀಪಿನ ಕೀಲಿ ತಿರುಗಿಸುತ್ತಾ, ರಂಗಂಪೇಟೆ ಕಡೆ ಇನ್ನೊಂದು ಮನೆ ನೋಡಿದ್ದೇವೆ, ಅಲ್ಲಿಗೇ ಹೋಗೋಣ ಎಂದ. ಅವರು ಹೋದರೆ ಗೋಡೆ ಕಟ್ಟಿಸಿಕೊಡುವ ಮಾತೂ ಅವರ ಜೊತೆಗೇ ಹೋಗುತ್ತಿತ್ತು. ನಾನು ನಿರುಮ್ಮಳವಾಗಿದ್ದೆ. ಶರಣಮ್ಮ ಒಳಗಿಂದ ಸ್ಟೂಲು ತಂದು ಗೋಡೆಯ ಎದುರು ಹಾಕಿ ಕೂತಳು.

"ಬಾರಪ್ಪ ತಮ್ಮಾ. ಎಲ್ಲೆಲ್ಲಿ ಏನಿತ್ತು ನಾ ಹೇಳ್ತೀನಿ. ನೀ ಮಸಿ ಹಚ್ಚು."

ಹೀಗೆ ನನ್ನ ಹೆಂಡತಿ ತಾನು ಸುಣ್ಣ ಹೊಡೆದ ಗೋಡೆಯನ್ನು ತಾನೇ ನಿಂತು ಹೊಲಸು ಮಾಡಿಸಿದಳು. ಚೇತನ್ ಚಹಾದ ಡಿಕಾಕ್ಷನ್ನು, ಒಲೆಯ ಬೂದಿ, ಸಗಣಿನೀರು ಕಲಸಿಕೊಂಡು ಹಚ್ಚುತ್ತಿದ್ದ, ಅವಳು ಮಕ್ಕಳಿಗೆ ಉಕ್ತಲೇಖನ ಹೇಳುವ ದನಿಯಲ್ಲಿ ಹೇಳುತ್ತಿದ್ದಳು. ಗೋಡೆಯ ಗೂಡಿನ ಮೇಲಿನ ಮಸಿ ಕರೆಂಟು ಹೋದಾಗ ಹಚ್ಚಿದ ಚಿಮಣಿಯದು. ಅದು ನೆಟ್ಟಗೆ ಏರಿರಲಿಲ್ಲ, ಕಿಟಕಿಯ ಗಾಳಿಗೆ ಎಡಕ್ಕೆ ವಾಲಿತ್ತು. ಮೂಲೆಯ ತೇವ ಮೊದಲ ಸಲ ಕಾಲುವೆ ತುಂಬಿ ಹರಿದ ವರ್ಷದ್ದು. ಅವನು ಎಲ್ಲಿಯಾದರೂ ತನ್ನ ಕೈಚಳಕ ತೋರಿಸಿ ಒಂದು ಕಲೆ ಹೆಚ್ಚು ಹಾಕಿದರೆ, ನಮ್ಮ ಮನೆಯಲ್ಲಿ ಅಷ್ಟು ಹೊಲಸು ಇರಲಿಲ್ಲವೆಂದು ಒರೆಸಿಸುತ್ತಿದ್ದಳು.

ಎಣ್ಣೆಯ ಕಲೆಯ ಹತ್ತಿರ ಕೆಲಸ ನಿಂತಿತು. ಅದು ನಾನು ಪೇಪರು ಓದುತ್ತಾ ತಲೆ ಆನಿಸುತ್ತಿದ್ದ ಜಾಗ. ಅವನು ಎಷ್ಟು ಸಲ ಬರೆದರೂ ಅದು ಕಲೆಯಂತೆ ಕಾಣಲಿಲ್ಲ, ಚಪಾತಿಯಂತೆ ಕಂಡಿತು. ಕೊನೆಗೆ ಶರಣಮ್ಮ ನನ್ನನ್ನು ಕರೆದು, ತಲೆಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ಸುರಿದು, ಗೋಡೆಗೆ ಆನಿಕೊಂಡು ಕೂರಲು ಹೇಳಿದಳು. ಆ ಇಡೀ ಮಧ್ಯಾಹ್ನ ನಾನು ರಬ್ಬರ್ ಸ್ಟಾಂಪಿನ ಕೆಲಸ ಮಾಡಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಎಣ್ಣೆ. ಖಾಜಾಸಾಬ ಬಾಗಿಲಲ್ಲಿ ನಿಂತು ನೋಡಿ, ಮಾಸ್ತರು ಮನೆಗೆಲಸಕ್ಕೆ ಕೈ ಹಚ್ಚಿದ್ದನ್ನು ಇವತ್ತೇ ನೋಡಿದೆ ಎಂದ. ಕೈಯಲ್ಲ, ತಲೆ ಎಂದು ನಾನು ತಿದ್ದಿದೆ.

ಎಲ್ಲ ಮುಗಿಯಿತೆಂದು ಚೇತನ್ ಹಿಂದೆ ಸರಿದು ನೋಡುತ್ತಿದ್ದಾಗ ಶರಣಮ್ಮ ಎದ್ದು ಅಡಿಗೆ ಮನೆಗೆ ಹೋದಳು. ಅರಿಶಿಣ ಕಲಸಿದ ಕೈಯೊಂದಿಗೆ ಬಂದು ಬಾಗಿಲಿನ ಪಕ್ಕ, ಸೊಂಟದ ಎತ್ತರದಲ್ಲಿ, ಅಂಗೈ ಊರಿದಳು.

"ಇದು ಅತ್ತಿ ಕೈ" ಎಂದಳು. "ಮಂಡಿ ನೋವು ನೋಡಪ್ಪ ಅವರಿಗೆ. ಅರಿಶಿಣ ಕುಟ್ಟಿ ಏಳೂವಾಗ ಇಲ್ಲೇ ಕೈ ಊರಿ ಏಳತಿದ್ರು."

ಅತ್ತೆ ಎಂದರೆ ನನ್ನ ತಾಯಿ. ಅವ್ವ ಹೋಗಿ ಬಹಳ ವರ್ಷಗಳಾಗಿದ್ದವು. ಆ ಗೋಡೆಗೆ ತಲೆ ಕೊಟ್ಟು ಅಷ್ಟು ಪೇಪರು ಓದಿದ ನಾನು ಅವಳ ಕೈಗುರುತು ಅಲ್ಲಿತ್ತೆಂದು ನೋಡಿರಲಿಲ್ಲ. ಸುಣ್ಣ ಹೊಡೆಯುವಾಗ ಅಲ್ಲೊಂದಿಷ್ಟು ಬಿಡಬೇಕೆಂದು ಶರಣಮ್ಮ ಅಂದುಕೊಂಡಿದ್ದಳಂತೆ. ಖಾಜಾಸಾಬನ ಕುಂಚ ತಡೆಯುವಷ್ಟರಲ್ಲಿ ಸವರಿ ಹೋಗಿತ್ತಂತೆ. ಚೇತನ್ ಆ ಕೈಯ ಅಂಚನ್ನು ತನ್ನ ಬೆರಳಿನಿಂದ ಸ್ವಲ್ಪ ಮಾಸಲು ಮಾಡಿದ. ಹಳೆಯದಾಯಿತು.

ಶೂಟಿಂಗು ನಡೆಯಿತು. ಸಿನಿಮಾದ ಅಣ್ಣತಮ್ಮಂದಿರು ನಮ್ಮ ಬಿರುಕಿನ ಆಚೆ ಈಚೆ ನಿಂತು ಮನಸಾರೆ ಜಗಳವಾಡಿದರು. ಹಲ್ಲಿಗಳು ಲೈಟಿನ ಬಿಸಿಗೆ ಮನೆ ಖಾಲಿ ಮಾಡಿದವು. ಮುಗಿದ ಮೇಲೆ ಮ್ಯಾನೇಜರು ಮಾತಿಗೆ ತಪ್ಪಲಿಲ್ಲ, ತಪ್ಪಲು ಶರಣಮ್ಮ ಬಿಡಲೂ ಇಲ್ಲ. ಖಾಜಾಸಾಬ ಗೋಡೆಯನ್ನು ಬುಡದಿಂದ ಬಿಚ್ಚಿ, ಎರೆಮಣ್ಣು ತೆಗೆದು ಉಬ್ಬದ ಮೊರಂ ಮಣ್ಣು ತುಂಬಿ, ಹೊಸದಾಗಿ ಕಟ್ಟಿದ. ತಿಳಿ ನೀಲಿ ಬಣ್ಣ ಬಂತು. ಹಳೆಯ ಗೋಡೆಯ ಮಣ್ಣನ್ನು ಹಿತ್ತಲಿಗೆ ಹಾಕಿದಾಗ ಶರಣಮ್ಮ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ ಅದರಲ್ಲಿ ಬೆಂಡೆ ಬೀಜ ಊರಿದಳು.

ಸಿನಿಮಾ ನಮ್ಮ ಕಡೆ ಬರಲೇ ಇಲ್ಲ. ಬಂದದ್ದು ಪ್ರಶಸ್ತಿ. ಟಿ.ವಿ.ಯಲ್ಲಿ ಸಮಾರಂಭ ಬಂದ ಸಂಜೆ ನಮ್ಮ ನಡುಮನೆಯಲ್ಲಿ ಓಣಿಯೇ ಸೇರಿತ್ತು. ಅತ್ಯುತ್ತಮ ನಟ, ನಟಿ, ಹಾಡು, ಕುಣಿತ, ಯಾವುದೂ ನಮಗೆ ಬರಲಿಲ್ಲ. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕುವ ಹೊತ್ತಿಗೆ ಅತ್ಯುತ್ತಮ ಕಲಾ ನಿರ್ದೇಶನ ಎಂದರು, ಚೇತನ್ ಎದ್ದು ನಿಂತ. ಪರದೆಯ ತುಂಬ ನಮ್ಮ ಗೋಡೆ ಬಂತು. ಶರಣಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕ್ಯಾಮೆರಾ ಮಸಿಯನ್ನು ದಾಟಿ, ನನ್ನ ತಲೆಯ ಕಲೆಯನ್ನು ದಾಟಿ, ಬಾಗಿಲಿನ ಪಕ್ಕ ಬಂದು ನಿಂತಿತು. ನಾನು ಅವಳ ಮೊಣಕೈ ಮುಟ್ಟಿದೆ. ಅವಳು ಸೆರಗು ಸರಿಸಿ ನೋಡಿದಳು.

"ಅತ್ತಿ ಬಂದಾರ" ಎಂದಳು, ನನಗೊಬ್ಬನಿಗೇ ಕೇಳುವಂತೆ.

ವೇದಿಕೆಯ ಮೇಲೆ ಚೇತನ್ ನಿರ್ದೇಶಕರಿಗೆ, ತಾಯಿಗೆ, ಗೆಳೆಯರಿಗೆ ವಂದನೆ ಹೇಳಿದ. ಅಷ್ಟರಲ್ಲಿ ಹಿನ್ನೆಲೆ ಸಂಗೀತ ಸುರುವಾಯಿತು. "ಎಲ್ಲಕ್ಕಿಂತ ಮುಖ್ಯವಾಗಿ, ದೇವಾಪುರದ ಶರಣ..." ಎನ್ನುವಷ್ಟರಲ್ಲಿ ಸಾಬೂನಿನ ಜಾಹೀರಾತು ಬಂತು. ಮರುದಿನದಿಂದ ಊರಲ್ಲಿ ಎರಡು ಪಕ್ಷಗಳಾದವು, ಒಂದು ಶರಣಮ್ಮನದು, ಇನ್ನೊಂದು ಶರಣಪ್ಪನದು. ಹಿಟ್ಟಿನ ಗಿರಣಿಯ ಶರಣಪ್ಪ, ಸಿನಿಮಾದವರಿಗೆ ತಾನು ಒಂದು ದಿನ ಜೋಳ ಬೀಸಿಕೊಟ್ಟಿದ್ದನ್ನು ಅವರು ಮರೆತಿಲ್ಲವೆಂದು ಹೇಳಿಕೊಂಡು ತಿರುಗಿದ. ಗಿರಣಿಗೆ ಬಂದವರೆಲ್ಲ ಅವನಿಗೆ ಅಭಿನಂದನೆ ಹೇಳಿದರು. ಶರಣಮ್ಮನೂ ಹಿಟ್ಟು ಹಾಕಿಸಲು ಹೋದಾಗ ಹೇಳಿ ಬಂದಳು. ನಿನಗೇಕೆ ಸಿಟ್ಟು ಬರಲಿಲ್ಲವೆಂದು ಕೇಳಿದೆ. ಹೊಲಸು ಗೋಡೆಯ ಒಡತಿ ಇವಳೇ ಎಂದು ಊರಿಗೆ ಸಾರಿಕೊಳ್ಳಲು ತನಗೇನು ಹುಚ್ಚೇ ಎಂದಳು.

ಮುಂದೆ ಒಂದು ದಿನ ಚೇತನ್ ಪ್ರಶಸ್ತಿಯ ಫಲಕವನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಮನೆಗೇ ಬಂದ. ಶರಣಮ್ಮನ ಕೈಯಲ್ಲಿ ಅದನ್ನಿಟ್ಟು ಕಾಲಿಗೆ ನಮಸ್ಕಾರ ಮಾಡಿದ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಭಾರ ಚೆನ್ನಾಗಿದೆಯೆಂದು ಹೇಳಿ ವಾಪಸು ಕೊಟ್ಟಳು. ಬಿರುಕು ಇದ್ದ ಜಾಗದಲ್ಲಿ ನಿಂತು ನಮ್ಮಿಬ್ಬರ ಜೊತೆ ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ಅವನ ಆಸೆ. ನೀಲಿ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿದ. ಎಲ್ಲಿಯೂ ಗುರುತು ಸಿಗದೆ, "ಅಮ್ಮಾ, ಎಲ್ಲಿತ್ತು ಅದು?" ಎಂದು ಕೇಳಿದ.

ನಾನು ಕಿಟಕಿಯ ಹತ್ತಿರ ಎಂದೆ. ಶರಣಮ್ಮ ಗೂಡಿನ ಹತ್ತಿರ ಎಂದಳು. ನಾನು ಇಲ್ಲ ಎಂದೆ. ಅವಳು ನನ್ನ ಕಡೆ ಬಂದು ನೋಡಿ, ಮತ್ತೆ ಗೂಡಿನ ಕಡೆ ಹೋಗಿ, ಎರಡರ ನಡುವೆ ನಿಂತಳು. ಆ ಗೋಡೆಯ ಒಂದೊಂದು ಮಸಿಯನ್ನೂ ಬಾಯಿಪಾಠ ಒಪ್ಪಿಸಿದವಳು ಒಂದಿಷ್ಟು ಹೊತ್ತು ಯೋಚಿಸಿದಳು. ಆಮೇಲೆ ಅವಳ ಮುಖದ ಮೇಲೆ ನಿಧಾನವಾಗಿ ಒಂದು ನಗು ಮೂಡಿತು. ಎಷ್ಟೋ ವರ್ಷ ಬಾಡಿಗೆಗಿದ್ದವರು ಮನೆ ಬಿಟ್ಟು ಹೋದ ಮೇಲೆ ಮನೆಯೊಡತಿಯ ಮುಖದಲ್ಲಿ ಬರುವಂಥ ನಗು.

"ಇಲ್ಲೇ ಎಲ್ಲೋ ಇತ್ತಪ್ಪ" ಎಂದಳು. "ನೆನಪೇ ಹಾರ್ಯದ ನೋಡು. ಕುಂದ್ರು, ಚಾ ಆರಾಕತ್ತದ."