ಬ್ರೇಕ್ ಮೇಡಂ ಕಾರಿನ ಒಳಚಾವಣಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಸ್ಕೂಲನ್ನು ಅರ್ಧಕ್ಕೇ ಬಿಟ್ಟವಳು, ದೊಡ್ಡ ಪದಗಳೂ ಬರುವುದಿಲ್ಲ. ತಪ್ಪಾದ ಕಡೆ ಒಂದೇ ಗೆರೆ ಎಳೆದು ಮೇಲೆ ಸರಿಯಾಗಿ ಬರೆದಿದ್ದೇನೆ. ಇದು ನಮ್ಮ ಕಟ್ಟಡದ ಕೆಳಮನೆಯಲ್ಲಿರುವ ಡ್ರೈವಿಂಗ್ ಮೇಡಂ ಕಥೆ. ಅವರೇ ನನಗೆ ಹೇಳಿದ್ದು.

ಮೇಡಂಗೆ ಐವತ್ತಾರು ವರ್ಷ. ಇಪ್ಪತ್ತೊಂದು ವರ್ಷದಿಂದ ಜನರಿಗೆ ಕಾರು ಓಡಿಸಲು ಕಲಿಸುತ್ತಿದ್ದಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕ್ ಇರುತ್ತದೆ. ಅದರ ಮೇಲೆ ಸದಾ ಅವರ ಬಲಗಾಲು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಡಂ. ಬಸ್ಸಿನಲ್ಲಿ ಕೂತಿದ್ದರೂ ಆ ಕಾಲು ತನ್ನಷ್ಟಕ್ಕೆ ನೆಲ ಒತ್ತುತ್ತದೆ. ಟೀವಿಯಲ್ಲಿ ಯಾರಾದರೂ ಕಾರನ್ನು ಜೋರಾಗಿ ತಿರುಗಿಸಿದರೂ ಒತ್ತುತ್ತದೆ. ಮನೆಯಲ್ಲಿ ಅದನ್ನು ನೋಡಿ ನಗುವವರು ಯಾರೂ ಇಲ್ಲ. ಮೇಡಂ ತಾವೇ ನಕ್ಕು ಸುಮ್ಮನಾಗುತ್ತಾರೆ.

ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಒಬ್ಬರಾದ ಮೇಲೊಬ್ಬರು ಬಂದು ಸ್ಟೇರಿಂಗ್ ಹಿಡಿಯುತ್ತಾರೆ. ಮೇಡಂ ಇಡೀ ದಿನದಲ್ಲಿ ಆಡುವ ಮಾತೆಲ್ಲ ಆ ಕಾರಿನೊಳಗೇ ಆಗಬೇಕು. ರಾತ್ರಿ ಮನೆಯ ಬೀಗ ತೆಗೆದರೆ ಮರುದಿನ ಬೆಳಗಿನವರೆಗೆ ಗಂಟಲಿಗೆ ಕೆಲಸವಿಲ್ಲ.

ಕಾರಿಗೆ ಹದಿನೇಳು ವರ್ಷ. ಇಂಜಿನ್ ಇನ್ನೂ ಗಟ್ಟಿಮುಟ್ಟು. ಆದರೆ ಒಳಚಾವಣಿಯ ಬಟ್ಟೆ ಎರಡು ವರ್ಷದಿಂದ ಜೋತುಬೀಳುತ್ತಿತ್ತು. ಮೊದಲು ಹಿಂದಿನ ಗಾಜಿನ ಹತ್ತಿರ ಸಣ್ಣದೊಂದು ಹೊಟ್ಟೆ ಬಂತು. ಮೇಡಂ ಗುಂಡುಸೂಜಿ ಚುಚ್ಚಿದರು. ಹೊಟ್ಟೆ ಮುಂದಕ್ಕೆ ಸರಿಯಿತು. ಅಲ್ಲಿಗೂ ಚುಚ್ಚಿದರು. ಕೊನೆಗೆ ಅದು ಸ್ಟೇರಿಂಗ್ ಮೇಲೆಯೇ ಬಂದು ನಿಂತಿತು. ಬೆಳಗಿನ ಬ್ಯಾಚಿನಲ್ಲಿ ಎತ್ತರದ ಬ್ಯಾಂಕ್ ಗುಮಾಸ್ತರೊಬ್ಬರಿದ್ದರು. ಅವರ ತಲೆಗೆ ಬಟ್ಟೆ ದಿನವೂ ತಗಲುತ್ತಿತ್ತು.

"ಮೇಡಂ, ನಿಮ್ಮ ಕಾರು ದಿನಾ ನನಗೆ ಆಶೀರ್ವಾದ ಮಾಡ್ತಾ ಇದೆ," ಅನ್ನುತ್ತಿದ್ದರು.

"ಆಶೀರ್ವಾದ ಇರಲಿ, ಮೊದಲು ಕನ್ನಡಿ ನೋಡಿ," ಅನ್ನುತ್ತಿದ್ದರು ಮೇಡಂ.

ಒಂದು ಗುರುವಾರ ನಾಲ್ಕು ರಸ್ತೆ ಸೇರುವಲ್ಲಿ ಸೂಜಿಗಳು ಒಟ್ಟಿಗೇ ಕಳಚಿ ಬಟ್ಟೆ ಪೂರ್ತಿ ಗುಮಾಸ್ತರ ಮುಖದ ಮೇಲೆ ಬಿತ್ತು. ಮುಂದೆ ಸೈಕಲ್ಲಿನವರೊಬ್ಬರು. ಮೇಡಂ ಕಾಲು ಅವರ ಬುದ್ಧಿಗಿಂತ ಮೊದಲೇ ಒತ್ತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಸುದ್ದಿ ಡ್ರೈವಿಂಗ್ ಸ್ಕೂಲಿನ ಮಾಲೀಕರ ಕಿವಿಗೆ ಬಿತ್ತು.

"ಸೋಮವಾರದೊಳಗೆ ಸರಿ ಮಾಡಿಸಿ ಮೇಡಂ," ಅಂದರು ಮಾಲೀಕರು. "ಇಲ್ಲದಿದ್ರೆ ನಿಮ್ಮ ಬ್ಯಾಚನ್ನೆಲ್ಲ ಹೊಸ ಕಾರಿನವರಿಗೆ ಕೊಡ್ತೀನಿ. ಒಂದು ಸಲ ಕೊಟ್ಟ ಮೇಲೆ ವಾಪಸ್ ಕೇಳಬೇಡಿ."

ಮೇಡಂ ಸೀಟು ಹೊಲಿಯುವ ಅಂಗಡಿಗೆ ಹೋದರು. ಅಂಗಡಿಯವರು ಮೇಲೆ ನೋಡಿ, "ಐದು ದಿನ ಕಾರು ಬಿಟ್ಟು ಹೋಗಿ," ಅಂದರು.

ಐದು ದಿನವಾದರೆ ಸೋಮವಾರ ದಾಟುತ್ತದೆ, ಬ್ಯಾಚು ಕೈತಪ್ಪುತ್ತದೆ. ಬ್ಯಾಚು ಹೋದರೆ ತಾನು ಯಾರ ಹತ್ತಿರ ಮಾತಾಡುವುದು? ಇದನ್ನು ಅಂಗಡಿಯವರಿಗೆ ಹೇಳಲಾಗಲಿಲ್ಲ. "ನಾನೇ ಮಾಡ್ಕೊಳ್ತೀನಿ, ಹೇಗೆ ಅಂತ ಹೇಳಿಕೊಡಿ," ಅಂದರು.

ಅಂಗಡಿಯವರು ಬೆನ್ನಿಗೆ ತೆಳು ಸ್ಪಂಜಿರುವ ಬೂದು ಬಣ್ಣದ ಬಟ್ಟೆ ಅಳೆದು ಕೊಟ್ಟರು, ಒಂದು ಡಬ್ಬಿ ಅಂಟು ಕೊಟ್ಟರು. "ಚಾವಣಿಗೆ ಕೂರಿಸಿರೋ ಬೋರ್ಡ್ ಬಿಚ್ಚಿ, ಅದಕ್ಕೆ ಬಟ್ಟೆ ಅಂಟಿಸೋದು ಒಬ್ಬರ ಕೆಲಸ. ಬೋರ್ಡ್ ವಾಪಸ್ ಕೂರಿಸೋದು ಮಾತ್ರ ಇಬ್ಬರ ಕೆಲಸ. ಒಬ್ಬರು ಎತ್ತಿ ಹಿಡೀಬೇಕು, ಇನ್ನೊಬ್ಬರು ಸ್ಕ್ರೂ ಹಾಕಬೇಕು. ಮಧ್ಯೆ ಮಡಚಿತು ಅಂದ್ರೆ ಆ ಗೆರೆ ಯಾರಪ್ಪನ ಕೈಯಲ್ಲೂ ಹೋಗಲ್ಲ. ಮನೇಲಿ ಯಾರಾದ್ರೂ ಇದ್ದಾರಲ್ಲ?"

"ಇದ್ದಾರೆ," ಅಂದರು ಮೇಡಂ.

ಭಾನುವಾರ ಬೆಳಗ್ಗೆ ಏಳಕ್ಕೇ ಶುರು ಮಾಡಿದರು. ಬಿಸಿಲಿಗೆ ಅಡ್ಡ ಹಿಡಿಯುವ ಹಲಗೆಗಳು, ಬಾಗಿಲ ಮೇಲಿನ ಹಿಡಿಗಳು, ಒಳಗಿನ ದೀಪ, ಎಲ್ಲ ಬಿಚ್ಚಿದರು. ಯಾವ ಸ್ಕ್ರೂ ಎಲ್ಲಿಯದು ಎಂದು ಮರೆಯದಂತೆ ಖಾಲಿ ಲೋಟಗಳಲ್ಲಿ ಬೇರೆ ಬೇರೆ ಹಾಕಿಟ್ಟರು. ಮುಂದಿನ ಸೀಟುಗಳನ್ನು ಹಿಂದಕ್ಕೆ ಮಲಗಿಸಿ, ಬೋರ್ಡನ್ನು ಹಿಂಬಾಗಿಲಿನಿಂದ ಮೆಲ್ಲಗೆ ಎಳೆದುಕೊಂಡರು. ಹಳೆಯ ಬಟ್ಟೆ ಹಾಲಿನ ಕೆನೆಯ ಹಾಗೆ ಸಲೀಸಾಗಿ ಎದ್ದು ಬಂತು. ಅದರ ಕೆಳಗಿನ ಸ್ಪಂಜು ಹಳದಿ ಪುಡಿಯಾಗಿ ಅಂಟಿಕೊಂಡಿತ್ತು. ಗಟ್ಟಿಯಾಗಿ ಉಜ್ಜಿದರೆ ಬೋರ್ಡೇ ಕಿತ್ತು ಬರುತ್ತದೆ. ಮೆದು ಬ್ರಷ್ಷಿನಿಂದ ಮೂರು ಗಂಟೆ ಉಜ್ಜಿದರು. ಕೂದಲು, ಹುಬ್ಬು, ಕತ್ತು ಎಲ್ಲ ಹಳದಿ.

ಆಮೇಲೆ ಅರ್ಧ ಬೋರ್ಡಿಗೆ ಅಂಟು ಸವರಿ, ಬೆರಳ ಹಿಂಬದಿಯಿಂದ ಮುಟ್ಟಿ ಹದ ನೋಡಿ, ಬಟ್ಟೆಯನ್ನು ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಒತ್ತುತ್ತ ಹೋದರು. ತಗ್ಗುಗಳಲ್ಲಿ ಎಳೆಯದೆ, ಇಳಿಬಿಟ್ಟು ಒತ್ತಿದರು. ಆಮೇಲೆ ಇನ್ನರ್ಧ. ಮಧ್ಯಾಹ್ನ ಮೂರಕ್ಕೆ ಬಟ್ಟೆ ಒಂದು ಸುಕ್ಕೂ ಇಲ್ಲದೆ ಕೂತಿತು. "ನೋಡು," ಅಂದರು ಮೇಡಂ. ಹೇಳಿದ ಮೇಲೆ ಯಾರಿಗೆ ಹೇಳಿದೆ ಅಂತ ಸುತ್ತ ನೋಡಿದರು.

ಉಳಿದಿದ್ದು ಇಬ್ಬರ ಕೆಲಸ.

ಬೋರ್ಡನ್ನು ಒಳಗೆ ತೂರಿಸುವುದೇನೋ ಆಯಿತು. ಹಿಂದಿನ ಸೀಟಿನ ಮೇಲೆ ದಿಂಬು ಪೇರಿಸಿದರು, ಮುಂದೆ ಪೊರಕೆ ಆನಿಸಿದರು. ಹಿಂದೆ ಎತ್ತಿದರೆ ಮುಂದೆ ಬಿತ್ತು, ಮುಂದೆ ಎತ್ತಿದರೆ ದಿಂಬು ಜಾರಿತು. ಕೊನೆಗೆ ನಡುವೆ ಕೂತು ನೆತ್ತಿಯಿಂದ ಬೋರ್ಡನ್ನು ಎತ್ತಿ ಹಿಡಿದರು. ಈಗ ಕೈಗಳು ಖಾಲಿ ಇದ್ದವು, ಆದರೆ ಸ್ಕ್ರೂ ತನಕ ಎಟುಕಲಿಲ್ಲ. ಬೋರ್ಡು ಬಾಗತೊಡಗಿತು. ಮೇಡಂ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ಅದರಿಂದೇನು ಪ್ರಯೋಜನ?

ಮೆಲ್ಲಗೆ ಬೋರ್ಡನ್ನು ಸೀಟಿನ ಮೇಲೆ ಇಳಿಸಿ ಹೊರಗೆ ಬಂದರು. ಕಟ್ಟಡದಲ್ಲಿ ಹನ್ನೆರಡು ಮನೆ. ಎಲ್ಲ ಬಾಗಿಲೂ ಹಾಕಿದ್ದವು, ನಮ್ಮದೂ ಹಾಕಿತ್ತು. ಮೇಡಂ ಐದು ಮೆಟ್ಟಿಲು ಹತ್ತಿದರು, ಏನಂತ ಕೇಳುವುದು ಎಂದು ಮತ್ತೆ ಇಳಿದರು.

ಫೋನ್ ತೆಗೆದರು. ಅದರಲ್ಲಿ ನಾನೂರ ಚಿಲ್ಲರೆ ನಂಬರ್. ಒಂದಕ್ಕೂ ಹೆಸರಿಲ್ಲ. ಮೊದಲ ವರ್ಷ ಹೆಸರನ್ನೇ ಬರೆದುಕೊಳ್ಳುತ್ತಿದ್ದರು. ಆದರೆ ಲೈಸೆನ್ಸ್ ಬಂದ ಮೇಲೆ ಯಾರೂ ಫೋನ್ ಮಾಡುವುದಿಲ್ಲ, ಹೆಸರು ಮಾತ್ರ ಫೋನಿನಲ್ಲಿ ಕೂತು ನೋಡುತ್ತಿರುತ್ತದೆ. ಅದು ಬೇಡ ಎಂದು ಮೇಡಂ ಹೆಸರನ್ನೆಲ್ಲ ಅಳಿಸಿ ಕಲಿಯುವವರ ತಪ್ಪುಗಳನ್ನು ಬರೆಯತೊಡಗಿದರು. 'ಕ್ಲಚ್ ಒದೆಯುವವರು'. 'ಬಲ ಅಂದರೆ ಎಡ'. 'ಕಣ್ಣು ಮುಚ್ಚಿ ರಿವರ್ಸ್'. 'ಏರಿನಲ್ಲಿ ಅಳುವವರು'.

ಹತ್ತಿರದಲ್ಲಿ ಮನೆ ಇದ್ದವರು ಯಾರೆಂದು ನೆನೆಸಿಕೊಂಡು 'ಬಲ ಅಂದರೆ ಎಡ'ಕ್ಕೆ ಮಾಡಿದರು. "ಯಾವ ಮೇಡಂ? ಇನ್ಶೂರೆನ್ಸಾ? ಬೇಡ," ಎಂದು ಆ ಕಡೆಯವರು ಇಟ್ಟುಬಿಟ್ಟರು. 'ಏರಿನಲ್ಲಿ ಅಳುವವರಿಗೆ' ಮಾಡಿದರು.

"ನಾನಮ್ಮ, ಬ್ರೇಕ್ ಮೇಡಂ."

"ಅಯ್ಯೋ ಮೇಡಂ! ಇನ್ನೂ ಕಲಿಸ್ತಾನೇ ಇದೀರಾ?"

"ಹೂಂ ಕಣಮ್ಮ. ಒಂದು ಹತ್ತು ನಿಮಿಷ ಬರೋಕಾಗುತ್ತಾ? ಒಂದು ಹಲಗೆ ಎತ್ತಿ ಹಿಡೀಬೇಕಿತ್ತು." ಇಷ್ಟು ಹೇಳುವಷ್ಟರಲ್ಲಿ ಮೇಡಂ ಬೆವತಿದ್ದರು.

ಅರ್ಧ ಗಂಟೆಯಲ್ಲಿ ಆಕೆ ಬಂದರು, ತಮ್ಮದೇ ಕಾರಿನಲ್ಲಿ. ನಮ್ಮ ಗೇಟಿನ ಮುಂದಿನ ಏರನ್ನು ಒಂದೇ ಸಲಕ್ಕೆ ಹತ್ತಿಸಿ, ಎರಡು ಕಂಬದ ನಡುವೆ ಹಿಮ್ಮುಖವಾಗಿ ನಿಲ್ಲಿಸಿದರು. ದೂರದಲ್ಲಿ ನಿಂತಿದ್ದ ಮೇಡಂ ಕಾಲು ಈ ಸಲ ನೆಲ ಒತ್ತಲಿಲ್ಲ.

"ಏನ್ ಮೇಡಂ, ಅರಿಶಿನ ಬಳ್ಕೊಂಡಿದೀರಾ?"

"ಹದಿನೇಳು ವರ್ಷದ ಧೂಳು. ಬಾ, ಇಲ್ಲಿ ಕೂತು ಎರಡೂ ಕೈಯಲ್ಲಿ ಮೇಲೆ ಒತ್ತು. ಬೆರಳಲ್ಲಿ ಬೇಡ, ಅಂಗೈಯಲ್ಲಿ."

"ಆಗ್ಲೂ ಹಿಂಗೇ ಬೈತಿದ್ರಿ."

ಒಬ್ಬರು ಹಿಡಿದರು, ಒಬ್ಬರು ಸ್ಕ್ರೂ ತಿರುಗಿಸಿದರು. ದೀಪದ ವೈರನ್ನು ತೂತಿನಿಂದ ಹೊರಗೆಳೆದರು. ಒಬ್ಬರಿಂದ ಆಗದ್ದು ಇಪ್ಪತ್ತು ನಿಮಿಷದಲ್ಲಿ ಆಯಿತು. ಬೋರ್ಡು ಬಾಗಲಿಲ್ಲ. ಒಂದೇ ಒಂದು ಕಡೆ ಆಕೆಯ ಹೆಬ್ಬೆರಳು ಒತ್ತಿ ಸಣ್ಣ ಗುಳಿ ಬಿದ್ದಿತ್ತು.

"ನನ್ನ ನಂಬರ್ ಬದಲಾಗ್ತಾ ಇದೆ, ಹೊಸದು ಹಾಕ್ಕೊಳಿ," ಎಂದು ಆಕೆ ಮೇಡಂ ಫೋನ್ ತೆಗೆದುಕೊಂಡರು. ಅಲ್ಲಿ ಬರೆದಿದ್ದನ್ನು ನೋಡಿ ಜೋರಾಗಿ ನಕ್ಕರು. ಮೇಲೆ ಕೆಳಗೆ ಸರಿಸಿ ಉಳಿದವನ್ನೂ ಓದಿದರು. ನಗು ನಿಂತಿತು.

"ನಲವತ್ತು ದಿನ ಪಕ್ಕದಲ್ಲಿ ಕೂರಿಸಿಕೊಂಡಿದ್ರಲ್ಲ. ನನ್ನ ಹೆಸರು ಗೊತ್ತಿಲ್ವಾ ಮೇಡಂ?"

ಮೇಡಂಗೆ ಸುಳ್ಳು ಹೇಳಬೇಕೆನ್ನಿಸಿತು, ಹೇಳಲಿಲ್ಲ. "ಇಲ್ಲಮ್ಮ. ಇಟ್ಕೊಂಡಿರಲಿಲ್ಲ."

ಆಕೆ ತಮ್ಮ ಫೋನನ್ನು ತೋರಿಸಿದರು. ಅದರಲ್ಲಿ 'ಬ್ರೇಕ್' ಎಂದಷ್ಟೇ ಇತ್ತು. "ನಾನೂ ಕೇಳಿರಲಿಲ್ಲ ಬಿಡಿ," ಅಂದರು.

ಇಬ್ಬರೂ ಅಲ್ಲೇ ಕಾರಿನಲ್ಲಿ ಕೂತು, ಹೊಸದಾಗಿ ಭೇಟಿಯಾದವರ ಹಾಗೆ ಹೆಸರು ಹೇಳಿಕೊಂಡು ಬರೆದುಕೊಂಡರು. ಆಕೆ ಮಗಳನ್ನು ಈಜಿನ ಕ್ಲಾಸಿನಿಂದ ಕರೆತರಬೇಕಿತ್ತು. "ಬರ್ತಾ ಇರ್ತೀನಿ ಮೇಡಂ," ಎಂದು ಹೋದರು. ಮೇಡಂ ಅಂಟಿನ ವಾಸನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು, ಆ ಗುಳಿಯನ್ನು ಒಂದು ಸಲ ಮುಟ್ಟಿ ನೋಡಿದರು.

ಸೋಮವಾರ ಮಾಲೀಕರು ಒಳಗೆ ತಲೆ ಹಾಕಿ ನೋಡಿ, "ಪರವಾಗಿಲ್ಲ," ಅಂದರು. ಬ್ಯಾಚು ಉಳಿಯಿತು. ಬ್ಯಾಂಕ್ ಗುಮಾಸ್ತರು ಬೆಲ್ಟ್ ಹಾಕಿಕೊಳ್ಳುವ ಮೊದಲೇ ಮೇಡಂ ಅವರ ಹೆಸರು ಕೇಳಿದರು.

"ಯಾಕೆ ಮೇಡಂ, ಕಂಪ್ಲೇಂಟ್ ಕೊಡ್ತೀರಾ?" ಎಂದು ಅವರು ಹೆದರಿಕೊಂಡೇ ಹೆಸರು ಹೇಳಿದರು.

ಇದಾಗಿ ಐದು ವಾರ. ಗುಮಾಸ್ತರಿಗೆ ಲೈಸೆನ್ಸ್ ಬಂತು, ಅವರು ಆಮೇಲೆ ಫೋನ್ ಮಾಡಿಲ್ಲ. ಏರಿನಲ್ಲಿ ಅಳುತ್ತಿದ್ದವರೂ ಬಂದಿಲ್ಲ. ಮೇಡಂ ಕೂಡ ಫೋನ್ ಮಾಡಿಲ್ಲ, ಹಲಗೆ ಎತ್ತುವ ಕೆಲಸವಿಲ್ಲದೆ ಏನಂತ ಮಾಡುವುದು ಎನ್ನುತ್ತಾರೆ. ಆ ಎರಡು ಹೆಸರು ಮಾತ್ರ ತಪ್ಪುಗಳ ನಡುವೆ ಹಾಗೇ ಇವೆ. ಮೊನ್ನೆ ನೀರಿನ ಮೋಟರ್ ಹತ್ತಿರ ಸಿಕ್ಕಾಗ ನನ್ನ ಹೆಸರನ್ನೂ ಕೇಳಿದರು, ಇದನ್ನೆಲ್ಲ ಹೇಳಿದರು.

ಇದನ್ನು ಗೆರೆ ಇರುವ ಹಾಳೆಯಲ್ಲಿ ಇನ್ನೊಂದು ಸಲ ಚೆನ್ನಾಗಿ ಬರೆಯುತ್ತೇನೆ. ಭಾನುವಾರ ಮೇಡಂ ಮನೆಗೆ ಇಳಿದು ಹೋಗಿ, ಬಾಗಿಲ ಸಂದಿಯಲ್ಲಿ ಹಾಕದೆ, ತಟ್ಟಿ ಅವರ ಕೈಗೇ ಕೊಡುತ್ತೇನೆ.